ಬಂದೀತು ಅಂದ್ರ ಇಂಗ್ಲಿಷಿನ್ಯಾಗ ಏನ್ರಿ?

ಮಳೆಗಾಲ ಹತ್ತಿರ ಬಂದಿದೆ, ಜೊತೆಗೆ ಕಾಲೇಜು ಹುಡುಗರ ಸಂದರ್ಶನಗಳ ಕಾಲವೂ. ಅದಕ್ಕೇ ಇರಬೇಕು, ಈ ಸಲದ ಪತ್ರಗಳೆಲ್ಲ ಇನ್ನೂ ಬಾರದ ಸಂಗತಿಗಳ ಕುರಿತೇ ಇವೆ. ಮುಂದೆ ಏನೋ ಬರುವುದಿದೆ, ಅದಕ್ಕೆ ನಾವು ತಯಾರಿದ್ದೇವೆ ಎನ್ನುವುದನ್ನು ಇಂಗ್ಲಿಷಿನವರು ಹೇಗೆ ಹೇಳುತ್ತಾರೆ? ಬೇರೆ ಬೇರೆ ಊರಿನವರು ಬೇರೆ ಬೇರೆ ಕಷ್ಟದಲ್ಲಿ ಸಿಕ್ಕಿಕೊಂಡು ಕೇಳಿದ್ದು ಇದನ್ನೇ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಕ್ಕೋರೆ, ನಮ್ಮದು ಸೀರಿ ಅಂಗಡಿ. ಹೊರಗಿನಿಂದ ಬಂದ ಹೆಣ್ಣುಮಗಳೊಬ್ಬಾಕಿ ಚಿಕ್ಕಿಪರಾಸ ದಡಿ ಸೀರಿ ಒಂದು ಆರಿಸಿದ್ಲು. ಅದಕ್ಕ ಗುಳೇದಗುಡ್ಡ ಖಣ ಎರಡು ತಗೊಂಡ್ಲು. ಒಂದ ಸಾಕಲ್ರಿ ಅಂದ್ರ ‘ಜಸ್ಟ್ ಇನ್ ಕೇಸ್’ ಅಂದು ನಕ್ಕಳು. ನಮ್ಮ ಹುಡುಗ ‘ಯಾವ ಕೇಸ್ರಿ?’ ಅಂತ ಕೇಳಿಬಿಟ್ಟ. ಏನದು?
— ಸೀರೆ ವ್ಯಾಪಾರಿ, ಇಳಕಲ್ಲ

ನಿಮ್ಮ ಹುಡುಗನ ತಪ್ಪಿಲ್ಲ. ನಮ್ಮ ಕಡೆ ಕೇಸು ಅಂದರೆ ಒಂದೋ ಕೋರ್ಟಿನದು, ಇಲ್ಲವೇ ದವಾಖಾನೆಯದು. ಆ ಹೆಣ್ಣುಮಗಳು ಹೇಳಿದ್ದು ನಿಮ್ಮ ಮನೆಯಲ್ಲೂ ದಿನಾ ಕೇಳುವ ಮಾತೇ: ‘ಇರ್ಲಿ ಅಂತ.’ ಒಂದು ಖಣ ಹೊಲಿಗೆಯವನ ಕೈಯಲ್ಲಿ ಕೆಟ್ಟೀತು, ತಂಗಿ ಕೇಳಿಯಾಳು, ಅಳತೆ ಸಾಲದೆ ಹೋದೀತು. ಇಂಥ ಕಾರಣಗಳನ್ನು ಬಾಯಿಬಿಟ್ಟು ಹೇಳದೆ ಒಟ್ಟು ಮಾಡಿ ಇಟ್ಟ ಗಂಟು ಅದು. ಇಂಗ್ಲಿಷಿನಲ್ಲಿ ‘ಜಸ್ಟ್ ಇನ್ ಕೇಸ್’ ಅಂದವರನ್ನು ಮುಂದೆ ಕೆದಕಿ ಕೇಳುವ ರೂಢಿಯಿಲ್ಲ. ಇರ್ಲಿ ಅಂತ ಅಂದವರನ್ನು ನಾವೂ ಕೇಳುವುದಿಲ್ಲವಲ್ಲ.

ನೀವೂ ಇದನ್ನು ಅಂಗಡಿಯಲ್ಲಿ ಬಳಸಬಹುದು. ಬಿಲ್ಲು ಕೊಡುವಾಗ ‘ಕೀಪ್ ದಿ ಬಿಲ್, ಜಸ್ಟ್ ಇನ್ ಕೇಸ್’ ಅನ್ನಿ. ಬಣ್ಣ ಬಿಟ್ಟರೆ, ನೂಲು ಎಳೆದರೆ ಅಂತ ಅಪಶಕುನ ನುಡಿಯದೆ, ಏನಾದರೂ ಆದರೆ ನಾವಿದ್ದೇವೆ ಎಂದು ಹೇಳಿದಂತಾಗುತ್ತದೆ. ಇನ್ನೂ ಒಂದು ಮಾತು. ಟೊಂಕ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಹೆಚ್ಚುಕಡಿಮೆ ಅದೇ ಮಾತು ಅಲ್ಲೂ ಇದೆ. ಉದ್ದ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ ಸಜ್ಜಾಗುವುದನ್ನು ‘ಗರ್ಡ್ ಅಪ್ ಯುವರ್ ಲಾಯಿನ್ಸ್’ ಎನ್ನುತ್ತಾರೆ. ಬೈಬಲ್ಲಿನಿಂದ ಬಂದ ಹಳೆಯ ಮಾತು, ಈಗ ತಮಾಷೆಗಷ್ಟೇ ಉಳಿದಿದೆ. ಕೆಲಸಕ್ಕೆ ನಿಂತವರು ಅಲ್ಲಿ ಟೊಂಕ ಕಟ್ಟುವುದಿಲ್ಲ, ಅಂಗಿಯ ತೋಳು ಮಡಚುತ್ತಾರೆ: ‘ರೋಲ್ ಅಪ್ ಯುವರ್ ಸ್ಲೀವ್ಸ್.’ ನಮ್ಮಲ್ಲಿ ತೋಳು ಏರಿಸಿದವನು ಜಗಳಕ್ಕೆ ನಿಂತವನು. ಗಿರಾಕಿ ಆ ಮಾತು ಆಡಿದರೆ ಹೆದರಬೇಡಿ.

ಮೇಡಂ, ನಾನು ಪ್ರವಾಸಿಗಳಿಗೆ ಊರು ತೋರಿಸಾಂವ. ಮೇಣಬಸದಿ ಗವಿಗಳ ಮೆಟ್ಟಿಲ ಬುಡದಾಗ ನಿಂತು ‘ಇಫ್ ದಿ ಮಂಕೀಸ್ ಕಮ್, ಹೋಲ್ಡ್ ಯುವರ್ ಬ್ಯಾಗ್’ ಅಂತ ಎಲ್ಲಾರಿಗೂ ಹೇಳತೀನಿ. ಹೂಂ ಅಂತಾರ. ಎರಡನೇ ಗವಿ ಮುಟ್ಟೂದ್ರಾಗ ಒಬ್ಬರದರೆ ಚಿಪ್ಸು, ಬಾಟಲಿ, ಕನ್ನಡಕ ಹೋಗಿರತಾವ. ನಾ ಹೇಳೂದ್ರಾಗ ಏನು ತಪ್ಪೈತಿ?
— ಮಾರ್ಗದರ್ಶಿ, ಬಾದಾಮಿ

ವ್ಯಾಕರಣದಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿ ತಪ್ಪಿದೆ. ‘ಇಫ್’ ಅಂದರೆ ಮೊದಲು ಮಂಗ ಬರಬೇಕು, ಆಮೇಲೆ ಚೀಲ ಹಿಡಿಯಬೇಕು. ನಿಮ್ಮ ಮಾತನ್ನು ಪ್ರವಾಸಿಗಳು ಅಕ್ಷರಶಃ ಪಾಲಿಸುತ್ತಿದ್ದಾರೆ! ಬಾದಾಮಿಯ ಮಂಗ ಅಷ್ಟು ಪುರುಸೊತ್ತು ಕೊಡುವುದಿಲ್ಲ. ನೀವು ಮೂರನೆಯ ಗವಿಯಲ್ಲಿ ಕ್ರಿ.ಶ. 578ರ ಚಾಲುಕ್ಯ ಮಂಗಳೇಶನ ಶಾಸನ ತೋರಿಸುವಾಗ ಬಂದವರ ಗಮನ ಕಲ್ಲಿನ ಮೇಲಿರುತ್ತದೆ, ಮಂಗನ ಗಮನ ಚೀಲದ ಮೇಲಿರುತ್ತದೆ.

ನಿಮಗೆ ಬೇಕಾದದ್ದು ‘ಇನ್ ಕೇಸ್’. ‘ಹೋಲ್ಡ್ ಯುವರ್ ಬ್ಯಾಗ್ಸ್ ಇನ್ ಕೇಸ್ ದಿ ಮಂಕೀಸ್ ಕಮ್’ ಅನ್ನಿ. ಇಲ್ಲಿ ಹಿಡಿಯುವುದು ಮೊದಲು. ಮಂಗ ಬಂದರೂ ಬರಬಹುದು, ಬಾರದೆಯೂ ಇರಬಹುದು. ಕನ್ನಡದಲ್ಲಿ ಈ ಎರಡಕ್ಕೂ ಇರುವ ಅಂತರ ಕ್ರಿಯಾಪದದಲ್ಲೇ ಕಾಣುತ್ತದೆ. ‘ಮಂಗ್ಯಾ ಬಂದ್ರ ಚೀಲಾ ಹಿಡೀರಿ’ ಒಂದು. ‘ಮಂಗ್ಯಾ ಬಂದಾವು, ಚೀಲಾ ಹಿಡೀರಿ’ ಇನ್ನೊಂದು. ಬಂದಾನು, ಬಂದಾಳು, ಬಂದೀತು, ಬಂದಾವು ಎಂಬ ಈ ರೂಪಗಳನ್ನು ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿರುತ್ತೀರಿ. ಇಂಗ್ಲಿಷ್ ಕ್ರಿಯಾಪದಕ್ಕೆ ಹೀಗೊಂದು ಬಾಲ ಹಚ್ಚಲು ಬರುವುದಿಲ್ಲ. ಆಗಬಹುದಾದದ್ದಕ್ಕೆ ಈಗಲೇ ಸಜ್ಜಾಗು ಎಂಬ ಭಾರವನ್ನೆಲ್ಲ ಅಲ್ಲಿ ‘ಇನ್ ಕೇಸ್’ ಎಂಬೆರಡು ಮಾತು ಹೊರಬೇಕು.

ನಮ್ಮವರಿಗೆ ಇದು ತೊಡಕಾಗಲು ಇನ್ನೊಂದು ಕಾರಣವಿದೆ. ‘ಇನ್‌ಕೇಸ್ ಅವ ಬಂದ್ರ ಫೋನ್ ಮಾಡು’ ಎಂದು ನಾವು ಕನ್ನಡದಲ್ಲೇ ಆಡುತ್ತೇವೆ, ‘ಒಂದು ವೇಳೆ’ ಎಂಬ ಅರ್ಥದಲ್ಲಿ. ಆ ರೂಢಿಯನ್ನು ಹೊತ್ತುಕೊಂಡೇ ಇಂಗ್ಲಿಷಿಗೆ ಹೋಗುತ್ತೇವೆ. ಅಮೆರಿಕದಲ್ಲಿ ಕೆಲವರು ‘ಇನ್ ಕೇಸ್’ ಅನ್ನು ‘ಇಫ್’ ಜಾಗದಲ್ಲಿ ಬಳಸುವುದುಂಟು. ಬ್ರಿಟಿಷರ ಕಿವಿಗೆ ಮಾತ್ರ ಅವೆರಡೂ ಬೇರೆ ಬೇರೆ. ಮತ್ತೆ, ‘ಇನ್ ಕೇಸ್’ ಆದ ಮೇಲೆ ‘ವಿಲ್’ ಹಾಕಬೇಡಿ. ‘ಇನ್ ಕೇಸ್ ಇಟ್ ವಿಲ್ ರೇನ್’ ಅಲ್ಲ, ‘ಇನ್ ಕೇಸ್ ಇಟ್ ರೇನ್ಸ್’. ಮಾತು ನಾಳೆಯದೇ ಆದರೂ ರೂಪ ಇವತ್ತಿನದು.

ಮೆಟ್ಟಿಲಿಗೆ, ತಗ್ಗು ಬಾಗಿಲಿಗೆ ಇಷ್ಟೆಲ್ಲ ಬೇಡ. ‘ವಾಚ್ ಯುವರ್ ಸ್ಟೆಪ್’, ‘ಮೈಂಡ್ ಯುವರ್ ಹೆಡ್’ ಸಾಕು. ಬಿಸಿಲಲ್ಲಿ ಕೋಟೆ ಹತ್ತಿಸುವ ಮೊದಲು ‘ಬಿ ಪ್ರಿಪೇರ್ಡ್ ಫಾರ್ ಎ ಸ್ಟೀಪ್ ಕ್ಲೈಂಬ್’ ಎಂದರೆ ಯಾರೂ ಆಮೇಲೆ ನಿಮ್ಮನ್ನು ಬಯ್ಯುವುದಿಲ್ಲ.

ನಮ್ಮದು ಮಲಪ್ರಭಾ ದಂಡೆಯ ಊರು. ಶಾಲೆಯ ಗೋಡೆಗೆ ಎರಡೂ ಭಾಷೆಯಲ್ಲಿ ಸೂಚನೆ ಬರೆಸುತ್ತಿದ್ದೇವೆ. ‘ಇನ್ ಕೇಸ್ ಆಫ್ ಫ್ಲಡ್, ಗೋ ಟು ಹೈಯರ್ ಗ್ರೌಂಡ್’ ಎಂದು ಬರೆದೆ. ನೀರು ಬರುವ ಮೊದಲೇ ಎಲ್ಲರೂ ದಿಬ್ಬ ಹತ್ತಬೇಕೆಂದು ಅರ್ಥವಾಗುತ್ತದೆ, ಅಳಿಸಿ ಎನ್ನುತ್ತಾರೆ ಸಹೋದ್ಯೋಗಿ. ಯಾರು ಸರಿ?
— ಶಿಕ್ಷಕಿ, ಹುನಗುಂದ ತಾಲ್ಲೂಕು

ನೀವೇ ಸರಿ. ‘ಆಫ್’ ಸೇರಿದ ಕೂಡಲೇ ಅರ್ಥ ತಿರುಗುತ್ತದೆ. ಕಚೇರಿಗಳ ಗೋಡೆಯ ಮೇಲೆ ಬೆಂಕಿಯ ಬಗ್ಗೆ ಬರೆದಿರುವ ‘ಇನ್ ಕೇಸ್ ಆಫ್ ಫೈರ್’ ನೋಡಿರುತ್ತೀರಿ. ಅದು ‘ಬೆಂಕಿ ಬಿದ್ದರೆ’ ಎಂದೇ. ನಿಮ್ಮ ಸಹೋದ್ಯೋಗಿ ಹೇಳುವುದು ಬಾದಾಮಿಯವರಿಗೆ ಬೇಕಾದ ಪಾಠ, ನಿಮ್ಮ ಗೋಡೆಗಲ್ಲ.

ಆದರೆ ನಿಮ್ಮ ಸೂಚನೆಯಲ್ಲಿ ಬೇರೆ ಕೊರತೆಯಿದೆ. ಹೊಳೆ ಒಮ್ಮೆಗೇ ಊರೊಳಗೆ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆ ನುಗ್ಗುವ ಮೊದಲು ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದಿತ್ತು. ಆ ಸುದ್ದಿಗೂ ನೀರಿಗೂ ನಡುವಿನ ಹೊತ್ತೇ ತಯಾರಿಯ ಹೊತ್ತು. ಹವಾಮಾನ ಇಲಾಖೆಯ ಬಣ್ಣಗಳ ಹಿಂದೆ ಇರುವ ಇಂಗ್ಲಿಷನ್ನು ನೋಡಿ. ಹಳದಿಗೆ ‘ಬಿ ಅಪ್‌ಡೇಟೆಡ್’, ಸುದ್ದಿ ಕೇಳುತ್ತಿರಿ. ಕಿತ್ತಳೆಗೆ ‘ಬಿ ಪ್ರಿಪೇರ್ಡ್’, ಸಜ್ಜಾಗಿರಿ. ಕೆಂಪಿಗೆ ‘ಟೇಕ್ ಆ್ಯಕ್ಷನ್’, ಏಳಿ. ಟೀವಿಯವರು ಮೂರನ್ನೂ ಒಂದೇ ದನಿಯಲ್ಲಿ ಕೂಗುವುದರಿಂದ ನಮಗೆ ಅಂತರ ಮರೆತುಹೋಗಿದೆ. ನಿಮ್ಮ ಗೋಡೆಯ ಮೇಲೂ ಎರಡು ಸಾಲು ಇರಲಿ. ಮೊದಲಿನದು ‘ಬಿ ರೆಡಿ ಟು ಲೀವ್’: ಕಾಗದಪತ್ರ, ಔಷಧಿ, ರೊಟ್ಟಿ ಬುತ್ತಿ ಕಟ್ಟಿಡಿ, ದನಗಳ ಕಣ್ಣಿ ಸಡಿಲಿಸಿ. ಎರಡನೆಯದು ಬರೀ ‘ಲೀವ್’. ಆ ಎರಡನೆಯ ಸಾಲಿಗೆ ‘ಪ್ಲೀಸ್’ ಬೇಡ.

ನಮ್ಮ ಅಜ್ಜನ ಮನಿ ಹಳೆ ಬಾಗಲಕೋಟ್ಯಾಗಿತ್ತು, ಈಗ ನಾವು ನವನಗರದಾಗ ಅದೀವಿ. ಅಜ್ಜ ಹೇಳಿದ್ದನ್ನೆಲ್ಲಾ ಫೋನ್‌ನ್ಯಾಗ ತುಂಬಿಕೊಂಡೀನಿ. ಅಮೆರಿಕಾದಾಗಿರೋ ನಮ್ಮಣ್ಣನ ಮಕ್ಕಳಿಗೆ ಇಂಗ್ಲಿಷಿಗೆ ತರಾಕತ್ತೀನಿ. ಒಂದು ಮಾತಿಗೆ ಬಂದು ನಿಂತೀನಿ: ‘ನೀರು ಬರ್ತೈತಿ ಅಂತ ಗ್ವಾಡಿಗೆ ಸುಣ್ಣಾ ಸೈತ ಹಚ್ಚಲಿಲ್ಲ. ಮನೀನೂ ಬಿಡಲಿಲ್ಲ.’ ‘ಪ್ರಿಪೇರ್ಡ್’ ಅನ್ನಲ್ಯೋ, ‘ಬ್ರೇಸ್ಡ್’ ಅನ್ನಲ್ಯೋ?
— ಓದುಗಳು, ಬಾಗಲಕೋಟೆ

ಎರಡೂ ಬೇಡ ತಂಗಿ. ಯಾಕೆ ಬೇಡ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

‘ಪ್ರಿಪೇರ್’ ಎಂದರೆ ಏನಾದರೂ ಮಾಡಿರಬೇಕು. ಕಟ್ಟಿಟ್ಟಿರಬೇಕು, ಕೂಡಿಟ್ಟಿರಬೇಕು, ಬೇರೆ ಜಾಗ ನೋಡಿರಬೇಕು. ನಿಮ್ಮ ಅಜ್ಜ ಹೇಳುತ್ತಿರುವುದು ಮಾಡಿದ್ದನ್ನಲ್ಲ, ಮಾಡದೆ ಬಿಟ್ಟದ್ದನ್ನು. ‘ಬ್ರೇಸ್’ ಎಂಬ ಮಾತು ತೋಳಿನಿಂದ ಹುಟ್ಟಿದ್ದು. ಹಳೆಯ ಫ್ರೆಂಚಿನಲ್ಲಿ ಎರಡು ತೋಳುಗಳಿಗೆ ಇದ್ದ ಹೆಸರು ಅದರ ಬೇರು. ಏಟು ಬೀಳುವ ಗಳಿಗೆಗೆ ಮೈ ಬಿಗಿಹಿಡಿಯುವುದು ಅದು. ವಿಮಾನ ಕೆಳಗಿಳಿಯಲಾಗದೆ ಅಪ್ಪಳಿಸುವಾಗ ಸಿಬ್ಬಂದಿ ಕೂಗುವುದು ಅದೇ ಮಾತನ್ನು. ಗಳಿಗೆಯ ಮಟ್ಟಿಗೆ, ಬಹಳವಾದರೆ ಒಂದು ರಾತ್ರಿಯ ಮಟ್ಟಿಗೆ ಮೈ ಬಿಗಿಹಿಡಿಯಬಹುದು. ಬಾಗಲಕೋಟೆಯವರಿಗೆ ಅದು ಗಳಿಗೆಯ ಮಾತಾಗಿತ್ತೇ? ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಹಿನ್ನೀರು ಬಾಗಲಕೋಟೆಯ ಓಣಿಗಳಿಗೆ ಮುಟ್ಟುವ ಹೊತ್ತಿಗೆ ಅಡಿಗಲ್ಲಿನ ವರ್ಷ ಹುಟ್ಟಿದ ಕೂಸಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಅಷ್ಟು ವರ್ಷ ಯಾರೂ ಮೈ ಬಿಗಿಹಿಡಿದು ಕೂರಲಾರರು.

‘ಇನ್ ಕೇಸ್’ ಕೂಡ ನಡೆಯುವುದಿಲ್ಲ. ಅಜ್ಜನ ಮಾತನ್ನು ಇನ್ನೊಮ್ಮೆ ಕೇಳಿ. ಅವರು ‘ನೀರು ಬಂದೀತು’ ಅಂದಿಲ್ಲ, ‘ಬರ್ತೈತಿ’ ಅಂದಿದ್ದಾರೆ. ಬರುವುದು ಖಾತ್ರಿ, ಯಾವಾಗ ಎಂಬುದೊಂದೇ ಗೊತ್ತಿಲ್ಲ. ಇಂಗ್ಲಿಷಿನವರು ಇಂಥ ಕಡೆ ‘ನಾಟ್ ಇಫ್, ಬಟ್ ವೆನ್’ ಎನ್ನುತ್ತಾರೆ. ‘ರಿಸೈನ್ಡ್ ಟು’ ಎಂಬುದೂ ನಿಮ್ಮ ಮನಸ್ಸಿಗೆ ಬಂದಿರಬಹುದು: ಹಣೆಬರಹ ಎಂದು ಒಪ್ಪಿ ಕೈಚೆಲ್ಲಿದ ಸ್ಥಿತಿ. ಸುಣ್ಣ ಹಚ್ಚದವರಿಗೆ ಅದು ಒಪ್ಪುತ್ತದೆ. ಆದರೆ ‘ಮನೀನೂ ಬಿಡಲಿಲ್ಲ’ ಎಂಬ ಅರ್ಧ ವಾಕ್ಯ ಅದಕ್ಕೆ ಒಪ್ಪುವುದಿಲ್ಲ. ಕೈಚೆಲ್ಲಿದವರು ಮುಂಚೆಯೇ ಗಂಟು ಕಟ್ಟಿಕೊಂಡು ಹೊರಟಿರುತ್ತಿದ್ದರು.

ನನ್ನ ಸಲಹೆ, ಆ ಸ್ಥಿತಿಗೆ ಹೆಸರು ಹುಡುಕುವುದನ್ನೇ ಬಿಡಿ. ‘ದೇ ನ್ಯೂ ದಿ ವಾಟರ್ ವುಡ್ ಕಮ್. ದೇ ಸ್ಟಾಪ್ಡ್ ವೈಟ್‌ವಾಷಿಂಗ್ ದಿ ವಾಲ್ಸ್. ದೇ ಸ್ಟೇಡ್.’ ಮೂರು ಸಣ್ಣ ವಾಕ್ಯ. ಅಮೆರಿಕದ ಮಕ್ಕಳು ಸುಣ್ಣ ಯಾಕೆ ಹಚ್ಚಲಿಲ್ಲ ಎಂದು ತಾವೇ ಕೇಳುತ್ತಾರೆ. ಆಗ ನೀವು ಹೇಳುವುದಕ್ಕೆ ಬಹಳ ಇದೆ.

ಅಜ್ಜನ ಮಾತಿನಲ್ಲಿ ‘ಮುಳುಗಡೆ’ ಎಂದು ಬಂದರೆ ಅದನ್ನು ಮಾತ್ರ ಅನುವಾದಿಸಬೇಡಿ, ಹಾಗೇ ಬಿಡಿ. ಇಂಗ್ಲಿಷಿನ ‘ಸಬ್‌ಮರ್ಜೆನ್ಸ್’ ನೀರಿನ ಕೆಲಸದ ಹೆಸರು. ನಮ್ಮ ಮುಳುಗಡೆಯಲ್ಲಿ ಪರಿಹಾರದ ಕಾಗದ, ಪುನರ್ವಸತಿಯ ಸೈಟು, ಕೋರ್ಟಿಗೆ ಅಲೆದಾಟ, ‘ಅವ್ರು ಮುಳುಗಡಿ ಮಂದಿ’ ಎಂಬ ಗುರುತು ಎಲ್ಲ ಸೇರಿವೆ. ಇದು ಹಳೆಯ ಕತೆಯೂ ಅಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿನವರೆಗೆ. ಅದನ್ನು 524.256 ಮೀಟರಿಗೆ ಏರಿಸಬಹುದು ಎಂದು ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ ಹೇಳಿದ್ದು 2010ರ ಡಿಸೆಂಬರಿನಲ್ಲಿ. ಆ ಎರಡು ಅಂಕಿಗಳ ನಡುವೆ ಸಿಕ್ಕ ಊರುಗಳನ್ನು ಇಂಗ್ಲಿಷಿನಲ್ಲಿ ‘ವಿಲೇಜಸ್ ಟು ಬಿ ಸಬ್‌ಮರ್ಜ್ಡ್’ ಎನ್ನಬೇಕು. ಮುಳುಗಿದ ಊರಲ್ಲ, ಮುಳುಗಲಿರುವ ಊರು. ಆ ‘ಟು ಬಿ’ ಎಂಬ ಪುಟ್ಟ ಮಾತಿನೊಳಗೆ ಇವತ್ತಿಗೂ ಜನ ಬಿತ್ತುತ್ತಿದ್ದಾರೆ, ಮದುವೆ ಮಾಡುತ್ತಿದ್ದಾರೆ, ಸುಣ್ಣ ಹಚ್ಚಲೋ ಬೇಡವೋ ಎಂದು ಯೋಚಿಸುತ್ತಿದ್ದಾರೆ. ನಿಮ್ಮ ಅಜ್ಜನ ಮಾತನ್ನು ಪೂರ್ತಿ ಇಂಗ್ಲಿಷಿಗೆ ತಂದಾದ ಮೇಲೆ ಅಜ್ಜನಿಗೂ ಒಮ್ಮೆ ಓದಿ ಹೇಳಿ.

ಬ್ಯಾಂಕಿನ ಗ್ವಾಡಿ ಮ್ಯಾಲೆ ‘ಸೇವ್ ಫಾರ್ ಎ ರೇನಿ ಡೇ’ ಅಂತ ಬರದಾರ. ಮಳಿ ಬಂದ ದಿನಕ್ಕ ರೊಕ್ಕಾ ಯಾಕ ಕೂಡಿಡಬೇಕ್ರಿ? ನಮಗ ರೊಕ್ಕಾ ಬೇಕಾಗೂದು ಮಳಿ ಬರದಿದ್ದಾಗ.
— ರೈತ, ಹುನಗುಂದ

ನಿಮ್ಮ ಆಕ್ಷೇಪಣೆಯನ್ನು ಪೂರ್ತಿ ಒಪ್ಪುತ್ತೇನೆ. ಆ ಮಾತು ಹುಟ್ಟಿದ್ದು ಮಳೆ ಎಂದರೆ ಹೊರಗಿನ ಕೆಲಸ ನಿಂತು ಕೂಲಿ ತಪ್ಪುವ ನಾಡಿನಲ್ಲಿ. ವರ್ಷವಿಡೀ ಬಿದ್ದರೂ ಸರಾಸರಿ 600 ಮಿಲಿಮೀಟರ್ ಮುಟ್ಟದ ಜಿಲ್ಲೆ ನಮ್ಮದು. ಇಲ್ಲಿ ಮಳೆಯ ದಿನಕ್ಕೆ ಹೋಳಿಗೆ ಮಾಡಬೇಕು. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನಮ್ಮ ಹಿರಿಯರು ಹೆದರಿದ್ದು ಮಳೆಗಲ್ಲ, ಬರಕ್ಕೆ. ಮಾತಿನ ಅರ್ಥ ‘ಕಷ್ಟಕಾಲಕ್ಕೆ ಉಳಿಸು’ ಎಂದು ತಿಳಿದುಕೊಂಡರೆ ಸಾಕು. ಗೋಡೆಗೆ ಬರೆಸಿದವರು ಒಂದು ಸಲ ಎರೆಹೊಲದಲ್ಲಿ ನಡೆದಾಡಿದ್ದರೆ ಬೇರೆ ಮಾತು ಆರಿಸುತ್ತಿದ್ದರು.

ಇದರ ಜೊತೆಗೇ ಇನ್ನೊಂದು. ಮುಂಗಾರು ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಇಂಥ ಊರು ಮಳೆಗೆ ‘ಬ್ರೇಸಸ್’ ಎಂಬ ತಲೆಬರಹ ಬರುತ್ತದೆ. ಬೆಂಗಳೂರಿನ ರಸ್ತೆಗಳಿಗೆ ಅದು ಸರಿ, ಅಲ್ಲಿ ಮಳೆ ಏಟೇ. ಹೊಲ ಹರಗಿ, ಒಡ್ಡು ಗಟ್ಟಿ ಮಾಡಿ, ಬಿಳಿಜೋಳದ ಬೀಜ ಇಟ್ಟುಕೊಂಡು ಹಿಂಗಾರಿಗೆ ಉತ್ತರಿ ಮಳೆಯ ದಾರಿ ಕಾಯುವವನು ‘ಬ್ರೇಸ್’ ಆಗುವುದಿಲ್ಲ. ಅವನು ‘ರೆಡಿ ಫಾರ್ ದಿ ರೇನ್’. ಬರುವುದು ಒಳ್ಳೆಯದು ಎಂದಿದ್ದರೆ ‘ರೆಡಿ’, ಕೆಟ್ಟದ್ದು ಎಂದಿದ್ದರೆ ‘ಬ್ರೇಸ್’, ಎರಡೂ ಗೊತ್ತಿಲ್ಲದಿದ್ದರೆ ‘ಪ್ರಿಪೇರ್ಡ್’. ಒಂದೇ ಮಳೆಗೆ ಯಾರು ಯಾವ ಮಾತು ಬಳಸುತ್ತಾರೆ ಎಂಬುದರಿಂದ ಅವರು ಎಲ್ಲಿ ನಿಂತಿದ್ದಾರೆ ಎಂಬುದು ತಿಳಿಯುತ್ತದೆ.

ಮೇಡಂ, ನಾನು ಇಂಜಿನಿಯರಿಂಗ್ ಕಡೆ ವರ್ಷದಾಗ ಅದೀನಿ. ಅಣಕು ಸಂದರ್ಶನದಾಗ ‘ಐ ಆಮ್ ಪ್ರಿಪೇರಿಂಗ್ ದಿ ಎಕ್ಸಾಮ್’ ಅಂದೆ, ಎಲ್ಲಾರೂ ನಕ್ಕರು. ‘ಐ ಆಮ್ ಪ್ರಿಪೇರ್ಡ್ ಟು ವರ್ಕ್ ಎನಿವೇರ್’ ಅಂದ್ರ ನಡೀತದ? ಕೊನಿಗೆ ‘ಕಮ್ ವಾಟ್ ಮೇ’ ಅಂತ ಸೇರಿಸಬೇಕಂತ ಮಾಡೀನಿ.
— ವಿದ್ಯಾರ್ಥಿ, ಬಾಗಲಕೋಟೆ

ನಕ್ಕವರಿಗೆ ಕಾರಣ ಗೊತ್ತಿತ್ತೋ ಇಲ್ಲವೋ, ತಮ್ಮಾ, ಕಾರಣವಂತೂ ಇದೆ. ‘ಪ್ರಿಪೇರ್ ದಿ ಎಕ್ಸಾಮ್’ ಎಂದರೆ ಪ್ರಶ್ನೆಪತ್ರಿಕೆ ತಯಾರಿಸುವುದು. ಅದು ನಿಮ್ಮ ಮಾಸ್ತರರ ಕೆಲಸ. ನಿಮ್ಮದು ‘ಪ್ರಿಪೇರ್ ಫಾರ್’. ಆ ‘ಫಾರ್’ ಬಿಟ್ಟರೆ ಪರೀಕ್ಷೆ ಬರೆಯುವವನೂ ತೆಗೆಯುವವನೂ ಒಬ್ಬನೇ ಆಗಿಬಿಡುತ್ತಾನೆ.

‘ಪ್ರಿಪೇರ್ಡ್ ಟು’ ತಪ್ಪಲ್ಲ, ಆದರೆ ಅದರಲ್ಲಿ ತಯಾರಿಗಿಂತ ಒಪ್ಪಿಗೆ ಹೆಚ್ಚು. ಅದೂ ಸ್ವಲ್ಪ ಬಿಗುಮಾನದ ಒಪ್ಪಿಗೆ: ಇಷ್ಟವಿಲ್ಲ, ಆದರೂ ಆಗಲಿ ಎಂಬಂತೆ. ವ್ಯಾಪಾರದಲ್ಲಿ ದರ ಕುದುರಿಸುವವರು ‘ಇಷ್ಟು ಕೊಡಲು ತಯಾರಿದ್ದೇನೆ’ ಎನ್ನುವಾಗ ಬಳಸುವುದು ಅದನ್ನೇ. ಕೆಲಸ ಕೇಳಲು ಹೋದವರಿಗೆ ‘ಐ ಆಮ್ ಹ್ಯಾಪಿ ಟು ವರ್ಕ್ ಎನಿವೇರ್’ ಒಳ್ಳೆಯದು. ರಾತ್ರಿ ಪಾಳಿಯ ಬಗ್ಗೆ ಕೇಳಿದರೆ ‘ಐ ಆಮ್ ಪ್ರಿಪೇರ್ಡ್ ಫಾರ್ ನೈಟ್ ಶಿಫ್ಟ್ಸ್’ ಅನ್ನಿ. ಅದರ ಕಷ್ಟ ನಿಮಗೆ ಗೊತ್ತು, ಗೊತ್ತಿದ್ದೇ ಬಂದಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ.

‘ಕಮ್ ವಾಟ್ ಮೇ’ ನಮ್ಮ ‘ಏನರ ಬರ್ಲಿ’ಗೆ ಬಹಳ ಹತ್ತಿರ. ಆ ‘ಕಮ್’ ಇರುವುದು ‘ಬರುತ್ತದೆ’ ಎಂಬ ಅರ್ಥದಲ್ಲಲ್ಲ, ‘ಬರಲಿ’ ಎಂಬ ಅರ್ಥದಲ್ಲಿ. ಇಂಗ್ಲಿಷ್ ಆ ರೂಪವನ್ನು ಹೆಚ್ಚುಕಡಿಮೆ ಕಳೆದುಕೊಂಡಿದೆ, ಇಂಥ ಹಳೆಯ ನುಡಿಗಟ್ಟುಗಳಲ್ಲಿ ಮಾತ್ರ ಅದು ಉಳಿದಿದೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಲ್ಲಿ ಈ ಮಾತಿನ ಒಂದು ರೂಪ ಬರುತ್ತದೆ. ಮುಂದೆ ಏನಾಗುವುದೋ ಎಂಬ ಆಸೆಯೂ ಭಯವೂ ಒಟ್ಟಿಗೇ ಹುಟ್ಟಿದಾಗ ಮ್ಯಾಕ್‌ಬೆತ್ ಅದನ್ನಾಡುತ್ತಾನೆ. ಅವನ ಗತಿ ಏನಾಯಿತೆಂದು ನಾಟಕ ಓದಿದವರಿಗೆ ಗೊತ್ತು. ಮದುವೆಯ ಮಾತಿಗೆ, ಪ್ರತಿಜ್ಞೆಗೆ, ಭಾಷಣಕ್ಕೆ ಅದು ಚೆಂದ. ಸಾಫ್ಟ್‌ವೇರ್ ಕಂಪನಿಯ ಮೇಜಿನ ಮುಂದೆ ಕೂತು ಅಂದರೆ ನಾಟಕದ ಪಾತ್ರವೊಂದು ಎದ್ದು ಬಂದಂತಾಗುತ್ತದೆ.

ಉತ್ತರ ಬಾರದ ಪ್ರಶ್ನೆ ಬಂದರೆ ಏನನ್ನಬೇಕು ಎಂದು ನೀವು ಕೇಳಿಲ್ಲ. ಆದರೂ ಹೇಳಿಬಿಡುತ್ತೇನೆ. ‘ಐ ವಾಸಂಟ್ ಪ್ರಿಪೇರ್ಡ್ ಫಾರ್ ದಟ್ ಒನ್’ ಎಂದು ಸಣ್ಣಗೆ ನಕ್ಕು, ಗೊತ್ತಿದ್ದಷ್ಟನ್ನು ಹೇಳಲು ಶುರುಮಾಡಿ.